ನೂಲಿಲ್ಲದ ಮಗ್ಗ

ಬನಹಟ್ಟಿಯ ದಾನಪ್ಪ ಕೊಣ್ಣೂರನಿಗೆ ಗದ್ದಲವಿದ್ದರೆ ಮಾತ್ರ ಕಿವಿ ಕೇಳುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಸುತ್ತಲೂ ಸದ್ದಡಗಿತೆಂದರೆ ಅವನು ಶುದ್ಧ ಕಿವುಡ. ಅದೇ ಪಕ್ಕದಲ್ಲೊಂದು ಪವರ್‌ಲೂಮ್ ಕಿವಿ ಹರಿದುಹೋಗುವ ಹಾಗೆ ಬಡಿದುಕೊಳ್ಳುತ್ತಿರಲಿ, ಹೆಂಡತಿ ನೀಲವ್ವ ಮೆಲ್ಲಗೆ ಗೊಣಗಿದ್ದೂ ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಹಾಗಾಗಿ ಅವರ ಮನೆಯಲ್ಲಿ ದಿನಾ ಸಂಜೆ ನಾಲ್ಕಕ್ಕೆ, ಚಹಾ ಕುಡಿದಾದ ಮೇಲೆ, ದಾನಪ್ಪ ಪಡಸಾಲೆಯ ಮಗ್ಗದ ಸ್ವಿಚ್ಚು ಹಾಕುತ್ತಿದ್ದ. ಮಗ್ಗದಲ್ಲಿ ಹಾಸಿಲ್ಲ, ಹೊಕ್ಕಿಲ್ಲ, ಒಂದೆಳೆ ನೂಲಿಲ್ಲ. ಲಾಳಿ ಖಾಲಿ ಹೊಟ್ಟೆಯಲ್ಲೇ ಅತ್ತಿಂದಿತ್ತ ಓಡುತ್ತಿತ್ತು. ಮಗ್ಗಕ್ಕೆ ಒಂದು ಮೊಳ ದೂರದಲ್ಲಿ ಮಣೆ ಹಾಕಿಕೊಂಡು ನೀಲವ್ವ ಕೂರುತ್ತಿದ್ದಳು. ಆರು ಗಂಟೆಯವರೆಗೂ ಗಂಡಹೆಂಡಿರು ಮಾತಾಡುವುದು. ಆರಕ್ಕೆ ಮಗ್ಗ ನಿಂತರೆ ಅವತ್ತಿನ ಸಂಸಾರದ ಮಾತು ಮುಗಿದಂತೆ. ಅದಕ್ಕೆ ಅವರು ‘ಮಾತಿನ ಹೊತ್ತು’ ಎಂದು ಹೆಸರಿಟ್ಟುಕೊಂಡಿದ್ದರು. ಓಣಿಯವರು ಮೊದಮೊದಲು ಜಗಳಕ್ಕೆ ಬಂದರು, ಆಮೇಲೆ ಮಗ್ಗದ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳತೊಡಗಿದರು.

ಇಂಥ ವಿಚಿತ್ರ ಹೇಗೆ ಹುಟ್ಟಿತು ಅಂತ ತಿಳಿಯಬೇಕಾದರೆ ಹತ್ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. ಆಗ ದಾನಪ್ಪ ಇಪ್ಪತ್ತನಾಲ್ಕು ಮಗ್ಗಗಳ ಶೆಡ್ಡಿನಲ್ಲಿ ನೇಯುತ್ತಿದ್ದ. ಶೆಡ್ಡಿನಲ್ಲಿ ದುಡಿದವರ ಕಿವಿ ನಲವತ್ತರೊಳಗೆ ಕೈಕೊಡುವುದು ಆ ಊರಿನಲ್ಲಿ ಸುದ್ದಿಯೇ ಅಲ್ಲ. ಹೇಗೂ ಆ ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಕೇಳಿಸದು. ಎಲ್ಲರೂ ತುಟಿ ನೋಡಿಯೇ ತಿಳಿದುಕೊಳ್ಳುವವರು. ಐದು ಮಗ್ಗದಾಚೆ ನಿಂತವನು ‘ಚಾ ಬಂತು’ ಅಂದರೆ ಸಾಕು, ಈಚೆ ಎಲ್ಲರ ಕೈ ಒರೆಸಿಕೊಂಡಾಗಿರುತ್ತಿತ್ತು. ದಾನಪ್ಪನಂತೂ ಈ ವಿದ್ಯೆಯಲ್ಲಿ ಪಳಗಿದ ಆಸಾಮಿ. ಮದುವೆಯಾದ ಹೊಸದರಲ್ಲಿ ನೀಲವ್ವನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು, ದನಿ ತೆಗೆಯದೆ ಒಂದೊಂದೇ ಮಾತು ಆಡಿ ಅವಳಿಗೂ ಕಲಿಸಿದ್ದ. ಅತ್ತೆ ಎದುರಿಗೇ ಕೂತಿದ್ದರೂ ಅವರಿಬ್ಬರ ಸರಸ ನಡೆಯುತ್ತಿದ್ದದ್ದು ಹಾಗೆ.

ದಾನಪ್ಪನ ಕಿವಿ ಪೂರ್ತಿ ಹೋಗಿ ಐದು ವರ್ಷವಾದ ಮೇಲೆ ಕಿವಿಪೆಟ್ಟಿಗೆ ಬಂತು. ಅದೊಂದು ಪುಟ್ಟ ಕಂಪ್ಯೂಟರು, ಕಡ್ಡಿಪೆಟ್ಟಿಗೆಯಷ್ಟೇ ದೊಡ್ಡದು. ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಅದರ ತಂತಿಯ ಗುಂಡಿಯನ್ನು ಕಿವಿಯ ಹಿಂದೆ ಅಂಟಿಸಿಕೊಂಡರೆ, ಅದು ಹೊರಗಿನ ಸದ್ದನ್ನು ಆರಿಸಿ, ಬೇಡದ್ದನ್ನು ಕಳೆದು, ಬೇಕಾದ್ದನ್ನು ನೇರವಾಗಿ ಒಳಗಿನ ನರಕ್ಕೆ ಕಳಿಸುತ್ತಿತ್ತು. ಆದರೆ ಹುಟ್ಟುವಾಗ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಮೊದಲು ಒಂದು ತಾಸು ಸದ್ದಿಲ್ಲದ ಜಾಗದಲ್ಲಿಟ್ಟು ಮೌನ ಅಂದರೆ ಏನು ಅಂತ ಕಲಿಸಬೇಕು. ಆಮೇಲೆ ಹತ್ತಿರದವರು ಯಾರಾದರೂ ಮುನ್ನೂರು ಪದಗಳ ಪಟ್ಟಿಯನ್ನು ಅದರೆದುರು ಓದಿ, ಮಾತು ಅಂದರೆ ಏನು ಅಂತ ಕಲಿಸಬೇಕು. ಸೂಚನೆಯ ಹಾಳೆಯಲ್ಲಿ ಹಾಗೇ ಬರೆದಿತ್ತು.

ದಾನಪ್ಪ ಏನು ಮಾಡಿದ ಗೊತ್ತೇ? ಪೆಟ್ಟಿಗೆಯನ್ನು ಶೆಡ್ಡಿಗೆ ಒಯ್ದು ತನ್ನ ಮಗ್ಗದ ಮೇಲಿಟ್ಟು, “ಒಂದ್ ತಾಸು ಯಾರೂ ಪಿಟ್ ಅನ್ನಬ್ಯಾಡ್ರಪಾ” ಎಂದು ಎಲ್ಲರಿಗೂ ಹೇಳಿಬಂದ. ಪಾಪ, ಯಾರೂ ತುಟಿ ಬಿಚ್ಚಲಿಲ್ಲ. ಇಪ್ಪತ್ತನಾಲ್ಕು ಮಗ್ಗಗಳು ಮಾತ್ರ ತಮ್ಮ ಪಾಡಿಗೆ ಬಡಿದುಕೊಂಡವು. ನಗಬೇಡಿ. ತೊಟ್ಟಿಲಲ್ಲಿದ್ದಾಗಿಂದ ಮಗ್ಗದ ಸದ್ದಿನಲ್ಲೇ ಬೆಳೆದವರಿಗೆ ಅದು ಸದ್ದು ಅಂತ ಅನ್ನಿಸುವುದೇ ಇಲ್ಲ. ಯಾರೂ ಮಾತಾಡದಿದ್ದರೆ ಅವರ ಪಾಲಿಗೆ ಅದೇ ಮೌನ. ಪೆಟ್ಟಿಗೆಯೂ ಹಾಗೇ ಕಲಿತುಕೊಂಡಿತು. ಖಾಲಿ ತಕ್ಕಡಿಯಲ್ಲಿ ಕಲ್ಲಿಟ್ಟು ಇದೇ ಸೊನ್ನೆ ಅಂತ ಹೇಳಿಕೊಟ್ಟ ಹಾಗಾಯಿತು. ಮಗ್ಗ ನಡೆಯುತ್ತಿರುವಲ್ಲಿ ಅದು ಮಗ್ಗದ ಸದ್ದನ್ನು ಕಳೆದು ಮಾತನ್ನು ಅಚ್ಚುಕಟ್ಟಾಗಿ ಕೇಳಿಸುತ್ತಿತ್ತು. ಮಗ್ಗವಿಲ್ಲದ ಜಾಗದಲ್ಲಿ, ಇಲ್ಲದ ಮಗ್ಗವನ್ನು ಕಳೆಯಲು ಹೋಗಿ, ಕಿವಿಯ ತುಂಬ ಒಂದು ಕೀರಲು ಗುಂಯ್‌ಗುಡಿಕೆ ತುಂಬುತ್ತಿತ್ತು. ಅದರೊಳಗೆ ಮಾತೆಲ್ಲ ಮುಳುಗಿಹೋಗುತ್ತಿತ್ತು.

ಆದರೆ ಆ ದಿನ ಅದೆಲ್ಲ ಯಾರಿಗೆ ಗೊತ್ತಿತ್ತು! ನೀಲವ್ವ ಶೆಡ್ಡಿಗೇ ಬಂದು, ಮಗ್ಗದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಪಟ್ಟಿಯ ಮೊದಲ ಪದ ಓದಿದಳು. “ನೀರು.” ಐದು ವರ್ಷದ ಮೇಲೆ ದಾನಪ್ಪನಿಗೆ ಒಂದು ದನಿ ಕೇಳಿಸಿತು. ತುಸು ಒಡಕು, ತಗ್ಗಿನ ದನಿ, ಹಿತ್ತಾಳೆಯ ಕೊಡಕ್ಕೆ ಬೆರಳಗಂಟು ತಾಗಿಸಿದ ಹಾಗೆ. ಅದು ಅವಳ ನಿಜವಾದ ದನಿಯೋ, ಪೆಟ್ಟಿಗೆ ಕಟ್ಟಿಕೊಟ್ಟ ದನಿಯೋ, ದೇವರೇ ಬಲ್ಲ. ದಾನಪ್ಪ ಮಗ್ಗದ ಹಿಂದೆ ಮುಖ ಮರೆಸಿಕೊಂಡು ಅತ್ತುಬಿಟ್ಟ. ಅವತ್ತಿನಿಂದ ಅವನ ಪಾಲಿಗೆ ಆ ದನಿಯೇ ನೀಲವ್ವ.

ಮುಂದೆ ಹನ್ನೊಂದು ವರ್ಷ ನೀಲವ್ವ ಮಧ್ಯಾಹ್ನದ ಬುತ್ತಿಯ ಜೊತೆಗೆ ದಿನದ ಮಾತನ್ನೂ ಶೆಡ್ಡಿಗೇ ಹೊತ್ತು ತಂದಳು. ಪೆಟ್ಟಿಗೆಗೆ ಹೊಸದಾಗಿ ಕಲಿಸಬೇಕಾದರೆ ಎಲ್ಲ ಅಳಿಸಬೇಕು ಅಂತ ಅದನ್ನು ಕೊಟ್ಟವರು ಅಂದಾಗ, ಈಗೇನು ಕಡಿಮೆಯಾಗಿದೆ ಅಂತ ಸುಮ್ಮನಾದರು. ಆಮೇಲೆ ಊರ ಹೊರಗೆ, ಒಳಗೆ ಮನುಷ್ಯರೇ ಇಲ್ಲದ ದೊಡ್ಡ ಗಾಜಿನ ಶೆಡ್ಡುಗಳು ಬಂದವು. ಅಲ್ಲಿ ಯಂತ್ರಗಳೇ ನೂಲು ತುಂಬಿ, ಯಂತ್ರಗಳೇ ನೇಯ್ದು, ಯಂತ್ರಗಳೇ ಮಡಚಿ ಇಡುತ್ತಿದ್ದವು. ಹಳೆಯ ಶೆಡ್ಡು ಮುಚ್ಚಿತು. ದಾನಪ್ಪ ತನ್ನ ಮಗ್ಗವನ್ನು ಮನೆಗೆ ತಂದು ಪಡಸಾಲೆಯಲ್ಲಿ ಹೂಡಿದ. ನಾಲ್ಕು ವರ್ಷ ಏನೇನೋ ನೇಯ್ದ. ಆಮೇಲೆ ನೂಲು ಕೊಡುವವರೇ ಇಲ್ಲವಾದರು. ಮಾತಿಗಾಗಿ ಮಗ್ಗ ಖಾಲಿ ನಡೆಯತೊಡಗಿ ಈಗ ಮತ್ತೆ ನಾಲ್ಕು ವರ್ಷ.

ಇತ್ತೀಚೆಗೆ ಪೆಟ್ಟಿಗೆ ತಂಟೆ ಶುರುಮಾಡಿತ್ತು. ದಿನಕ್ಕೆ ಆರೇಳು ಸಲ ಸ್ತಬ್ಧವಾಗುತ್ತಿತ್ತು. ಗುಂಡಿ ಒತ್ತಿ ಆರಿಸಿ ಮತ್ತೆ ಹಚ್ಚುವವರೆಗೂ ಏನೂ ಇಲ್ಲ. ಅದನ್ನಾದರೂ ದಾನಪ್ಪ ಸಹಿಸುತ್ತಿದ್ದ. ಸಹಿಸಲಾಗದ್ದು ಇನ್ನೊಂದಿತ್ತು. ಪೆಟ್ಟಿಗೆ ನೀಲವ್ವನ ಮಾತನ್ನು ತಪ್ಪುತಪ್ಪಾಗಿ ಕೇಳಿಸುತ್ತಿತ್ತು. ಅವನು ಮಗ್ಗಕ್ಕೆ ಬಗ್ಗಿ ಎಣ್ಣೆ ಬಿಡುತ್ತ, “ಮಗಳ ಫೋನ್ ಬಂದಿತ್ತೇನ?” ಅಂತ ಕೇಳಿದರೆ, “ಹೂಂ, ನಾಳೆ ಹಾಕ್ತೀನಿ” ಅಂತ ಕೇಳಿಸುತ್ತಿತ್ತು. “ಮೊಣಕಾಲ ನೋವು ಹೆಂಗೈತಿ?” ಅಂದರೆ ಬರೀ “ಹೂಂ.” ಒಮ್ಮೊಮ್ಮೆ ಎದುರುಬದುರು ಕೂತಾಗ ಎಲ್ಲ ಸರಿಯಾಗೇ ಇರುತ್ತಿತ್ತು, ಒಮ್ಮೊಮ್ಮೆ ಹೀಗೆ.

“ಪೆಟ್ಟಿಗಿಗೆ ಅರಳು ಮರಳು ಆಗೇತಿ. ನೀ ಅನ್ನೂದೊಂದು, ಅದು ಹೇಳೂದೊಂದು” ಎಂದ ದಾನಪ್ಪ. ನೀಲವ್ವ ಅದಕ್ಕೂ ಹೂಂ ಅಂದಳು.

ಜಮಖಂಡಿಯ ಶ್ರವಣ ಕೇಂದ್ರದಲ್ಲಿ ಇಂಥ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದವಳು ತಸ್ಲೀಮಾ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮಾತಿನಲ್ಲಿ ಚುರುಕು. ದಾನಪ್ಪನಿಗೋಸ್ಕರವೇ ಅವಳು ಮಗ್ಗದ ಸದ್ದನ್ನು ಧ್ವನಿಮುದ್ರಿಸಿ ಇಟ್ಟುಕೊಂಡಿದ್ದಳು. ಅದನ್ನು ಸ್ಪೀಕರಿನಲ್ಲಿ ಹಾಕದೆ ಅವನೊಂದಿಗೆ ಮಾತಾಡುವಂತೆಯೇ ಇರಲಿಲ್ಲ. ಸದ್ದು ಹಾಕಿ, ತನ್ನ ಕಿವಿಗೆ ಹತ್ತಿ ತುರುಕಿಕೊಂಡು, ಪೆಟ್ಟಿಗೆಯನ್ನು ಪರೀಕ್ಷೆ ಮಾಡಿದಳು.

“ಕಾಕಾ, ಪೆಟ್ಟಿಗಿ ನಿಂತ್ ನಿಂತ್ ಹೋಗೂದು ಖರೆ. ಡ್ರೈವ್ ಹಾಳಾಗಾಕತ್ತೈತಿ, ಆಪರೇಟಿಂಗ್ ಸಿಸ್ಟಂ ಅಂತೂ ಓಬೀರಾಯನ ಕಾಲದ್ದು. ಆದ್ರ ಮಾತು ತಪ್ಪು ಕೇಳಸೂದು ಮಾತ್ರ ನನಗ ಸಿಗವಲ್ದು. ನೂರು ಶಬ್ದ ಹಾಕಿದೆ, ನೂರೂ ಬರೋಬ್ಬರಿ ಹೇಳಿದ್ರಿ.”

“ಇಲ್ಲೆ ಬರೋಬ್ಬರಿ ಇರತೈತವಾ. ಮನ್ಯಾಗ ಆಟ ಆಡಸ್ತೈತಿ.”

“ಹಂಗಾರ ಎಲ್ಲಾ ಅಳಿಸಿ ಹೊಸಾ ಸಿಸ್ಟಂ ಹಾಕಿಬಿಡೂಣು. ಈ ಸಲ ಅದಕ್ಕ ಖರೇ ಮೌನ ಕಲಿಸೂಣು. ಮಗ್ಗದ ಹಂಗು ಇರೂದಿಲ್ಲ ನಿಮಗ.”

ದಾನಪ್ಪ ಕಿವಿಯ ಹಿಂದಿನ ಗುಂಡಿಯನ್ನು ಕೈಯಿಂದ ಮುಚ್ಚಿಕೊಂಡ. “ಮತ್ತ ನಮ್ಮಾಕಿ ದನಿ?”

“ಬ್ಯಾರೆ ಆಕ್ಕೈತ್ರಿ.”

“ಹಳೇದು ತಗದ್ ಇಡಾಕ ಬರೂದಿಲ್ಲೇನು?”

“ಫೈಲ್ ಬೇಕಾರ ತಗದ್ ಇಡ್ತೀನಿ. ಆದ್ರ ನುಡಸಾಕ ಏನೂ ಇರೂದಿಲ್ಲ ಕಾಕಾ. ಅದು ಬರೀ ದನಿ ಅಲ್ಲ. ಹತ್ತೊಂಬತ್ತ ವರ್ಷ ನಿಮ್ಮ ನರಾ ಒಂದಷ್ಟು ಕಲ್ತಾವು, ಪೆಟ್ಟಿಗಿ ಒಂದಷ್ಟು ಕಲ್ತೈತಿ. ಎರಡೂ ಕೂಡಿದ್ರಷ್ಟ ಆ ದನಿ.” ತಸ್ಲೀಮಾ ಪೆಟ್ಟಿಗೆಯನ್ನು ಅವನ ಕಿಸೆಗಿಟ್ಟು ಹೇಳಿದಳು, “ಎಂಟ್ ದಿನ ಬಿಟ್ಟು ಬರ್ರಿ. ವಿಚಾರ ಮಾಡ್ರಿ.”

ವಿಚಾರ ಮಾಡುವುದೆಂದರೆ ಏನು? ದಾನಪ್ಪ ಎಂಟು ದಿನವೂ ಮಾತಿನ ಹೊತ್ತಿನಲ್ಲಿ ನೀಲವ್ವನ ದನಿಯನ್ನೇ ಕೇಳುತ್ತ ಕೂತ. ಮಾತಿನ ಕಡೆ ಗಮನವೇ ಇಲ್ಲ. ಅವಳು ಒಂದು ಪದ ಮುಗಿಸುವಾಗ ಕೊನೆಯಲ್ಲಿ ದನಿ ತುಸು ನಡುಗುವುದು, ನಗುವಾಗ ಮೂಗಿನಿಂದ ಗಾಳಿ ಬರುವುದು, ಇವನ್ನೆಲ್ಲ ಕಣ್ಣು ಮುಚ್ಚಿ ಕೇಳಿದ. ಆದರೆ ಈ ದನಿಯಲ್ಲಿ ಬರುವ ಮಾತು ಅವನ ಪ್ರಶ್ನೆಗೆ ಉತ್ತರವೇ ಅಲ್ಲ. ಒಂದೇ ಮನೆಯಲ್ಲಿದ್ದೂ ಅವನೊಂದು ದಂಡೆ, ಅವಳೊಂದು ದಂಡೆ. ಈ ಒಂಟಿತನ ಪೂರ್ತಿ ಕಿವುಡನಾಗಿದ್ದಾಗಲೂ ಅವನಿಗೆ ಇರಲಿಲ್ಲ. ದನಿ ಇಟ್ಟುಕೊಂಡು ಮಾತು ಕಳೆದುಕೊಳ್ಳುವುದೋ, ಮಾತಿಗಾಗಿ ದನಿ ಬಿಡುವುದೋ ಅಂತ ತೂಗಿ ತೂಗಿ ಕೊನೆಗೆ ಎಂಟನೆಯ ದಿನ ಅವಳ ಎದುರು ಕೂತು ಹೇಳಿದ, “ಎಲ್ಲಾ ಅಳಿಸಿಬಿಡ್ತೀನಿ. ನಿನ್ನ ದನಿ ಹೋಗತೈತಂತ.”

“ನನ್ನ ದನಿ ನನ್ನ ಹಂತ್ಯಾಕ ಇರತೈತಿ. ಎಲ್ಲಿಗೆ ಹೋಗತೈತ್ರಿ ಅದು?” ನೀಲವ್ವ ನಕ್ಕಳು. ಆಮೇಲೆ ಕೇಳಿದಳು, “ಮಗ್ಗ ಹಚ್ಚೂದು ಬ್ಯಾಡಾಕ್ಕೈತೇನು ಹಂಗಾರ?”

“ಬ್ಯಾಡೇ ಬ್ಯಾಡ. ಸುಮ್ನ ಕುಂತ ಮಾತಾಡೂದು.”

ನೀಲವ್ವ ಓಡುವ ಲಾಳಿಯನ್ನು ನೋಡುತ್ತ ಕೂತಳು. ಎಂಟು ವರ್ಷದ ಕಾಟ ತಪ್ಪಿತೆಂದು ಅವಳಿಗೆ ಸಮಾಧಾನವಾಗಿರಬೇಕು ಅಂದುಕೊಂಡ ದಾನಪ್ಪ.

ಮರುದಿನ ಬೆಳಿಗ್ಗೆ ಇಬ್ಬರೂ ಜಮಖಂಡಿಗೆ ಹೋದರು. ತಸ್ಲೀಮಾ ಪೆಟ್ಟಿಗೆಯನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದಳು. ತೆರೆಯ ಮೇಲೆ ಒಂದು ಪ್ರಶ್ನೆ ಬಂತು: ಈ ಸಾಧನದಲ್ಲಿರುವ ಎಲ್ಲವನ್ನೂ ಅಳಿಸಲಾಗುವುದು, ಮತ್ತೆ ಪಡೆಯಲಾಗದು, ಮುಂದುವರಿಸಲೇ? ಕಾನೂನಿನ ಪ್ರಕಾರ ‘ಹೌದು’ ಅನ್ನುವುದನ್ನು ಕಿವಿಯ ಯಜಮಾನನೇ ಒತ್ತಬೇಕು.

ದಾನಪ್ಪನ ಬೆರಳು ಮೇಲೇಳಲಿಲ್ಲ. “ತಂಗೀ, ಒಂದ್ ಸಲ ಮಗ್ಗದ ಸಪ್ಪಳ ಜೋರ್ ಹಾಕವಾ” ಎಂದ. ತಸ್ಲೀಮಾ ಹಾಕಿದಳು. ಕೋಣೆಯ ಗಾಜುಗಳು ಗಡಗಡ ಅಂದವು. ಅವಳು ಹತ್ತಿಯ ಮೇಲೆ ಕೈಯನ್ನೂ ಒತ್ತಿಕೊಂಡಳು. ನೀಲವ್ವ ಮಾತ್ರ ಕಣ್ಣು ಪಿಳುಕಿಸದೆ, ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನೇಕಾರನ ಹೆಂಡತಿ ಅಂದರೆ ಹೀಗಿರಬೇಕು ಅಂತ ದಾನಪ್ಪನಿಗೆ ಹೆಮ್ಮೆಯಾಯಿತು.

ಅವಳೆದುರು ನಿಂತು, “ಏನರ ಅನ್ನ. ಕಡೀ ಸಲ” ಎಂದ.

ನೀಲವ್ವ ಅವನ ಮುಖವನ್ನೇ ನೋಡಿದಳು. “ಏನ್ ಅನ್ನಲ್ರಿ? ಬುತ್ತಿ ಆರಾಕತ್ತೈತಿ. ಲಗೂನ ಮುಗಸ್ರಿ.”

ಅಷ್ಟೇ. ಏನಾದರೂ ದೊಡ್ಡ ಮಾತು ಬರುತ್ತದೆ ಅಂತ ಕಾದಿದ್ದವನಿಗೆ ನಗು ಬಂತು. ಆ ಒಡಕು ದನಿ ಕಿವಿಯಲ್ಲಿರುವಾಗಲೇ ಗುಂಡಿ ಒತ್ತಿದ.

ಹತ್ತೊಂಬತ್ತು ವರ್ಷ ಅಳಿಸಿಹೋಗಲು ಹನ್ನೊಂದು ನಿಮಿಷ ಸಾಕಾಯಿತು. ತೆರೆಯ ಮೇಲೆ ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತೆವಳಿತು. ಆಮೇಲೆ ಹೊಸ ಸಿಸ್ಟಂ ತುಂಬಲು ಶುರುವಾಯಿತು: ಶೇಕಡಾ ಎರಡು, ಶೇಕಡಾ ಮೂರು. ದಾನಪ್ಪನ ತಲೆಯೊಳಗೆ ಈಗ ಏನೂ ಇರಲಿಲ್ಲ. ಆ ಹಾಳು ಗುಂಯ್‌ಗುಡಿಕೆಯೂ ಇಲ್ಲ. ಸಂತೆಯಲ್ಲಿ ಕೈ ಬಿಟ್ಟುಹೋದವರ ಹಾಗೆ ಅವನು ಅತ್ತಿತ್ತ ನೋಡಿದ. ತಸ್ಲೀಮಾಳ ತುಟಿ ಅಲ್ಲಾಡಿತು. ಅವಳು ಅಂದದ್ದು ಚಹಾವೋ, ಊಟವೋ ತಿಳಿಯಲಿಲ್ಲ. ಒಂದು ಕಾಲದಲ್ಲಿ ಐದು ಮಗ್ಗದಾಚೆಯ ತುಟಿ ಓದುತ್ತಿದ್ದವನು! ಪೆಟ್ಟಿಗೆ ಬಂದ ಮೇಲೆ ಆ ವಿದ್ಯೆಯನ್ನು ಬಳಸಲೇ ಇಲ್ಲ, ಅದು ಹೇಳದೆ ಕೇಳದೆ ಎದ್ದುಹೋಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸಿಸ್ಟಂ ಕೂತಿತು. ಪೆಟ್ಟಿಗೆಯನ್ನು ಸದ್ದು ಹಾಯದ ಕೋಣೆಯಲ್ಲಿ ಒಂಟಿಯಾಗಿಟ್ಟು ಒಂದು ತಾಸು ನಿಜವಾದ ಮೌನವನ್ನು ಕಲಿಸಿದರು. ಆಮೇಲೆ ನೀಲವ್ವ ಒಳಗೆ ಹೋಗಿ ಓದಬೇಕು. ಪಟ್ಟಿ ಮಾತ್ರ ಹಳೆಯದೇ, ಅದೇ ಮುನ್ನೂರು ಪದ. ದಾನಪ್ಪ ಗಾಜಿನಾಚೆ ನಿಂತು ನೋಡಿದ. ತಸ್ಲೀಮಾ ಓದಲು ಶುರುಮಾಡಿ ಅಂತ ಏನೋ ಹೇಳಿದಳು. ನೀಲವ್ವ ಹಾಳೆಯನ್ನೇ ನೋಡುತ್ತಿದ್ದಳು. ತಸ್ಲೀಮಾ ಮತ್ತೆ ಹೇಳಿದಳು, ಆಮೇಲೆ ಭುಜ ಮುಟ್ಟಿದಳು. ನೀಲವ್ವ ಓದತೊಡಗಿದಳು. ಅವಳ ಕತ್ತಿನ ನರಗಳು ಉಬ್ಬಿದ್ದು ಗಾಜಿನಾಚೆಗೂ ಕಾಣುತ್ತಿತ್ತು. ತಸ್ಲೀಮಾ ಅಂಗೈ ಕೆಳಗೆ ಮಾಡಿ ಮೆಲ್ಲಗೆ, ಮೆಲ್ಲಗೆ ಅಂತ ಸನ್ನೆ ಮಾಡಿದಳು. ಒಂದೆರಡು ಪದ ಆದ ಮೇಲೆ ಮತ್ತೆ ನರ ಉಬ್ಬಿದವು. ಮೂರನೆಯ ಸಲ ಸನ್ನೆ ಮಾಡಿ ತಸ್ಲೀಮಾ ಕೈಬಿಟ್ಟಳು. ಮಗ್ಗದ ಮುಂದೆ ಕೂಗಿ ಕೂಗಿ ರೂಢಿಯಾದವರು, ಏನು ಮಾಡುವುದು ಅಂದುಕೊಂಡಿರಬೇಕು.

ನಾಲ್ಕು ಗಂಟೆಗೆ ಗುಂಡಿಯನ್ನು ಕಿವಿಯ ಹಿಂದೆ ಅಂಟಿಸಿದರು. ಮೊದಲು ಬಂದದ್ದು ಫ್ಯಾನಿನ ಸದ್ದು. ಆಮೇಲೆ ತಸ್ಲೀಮಾಳ ಬಳೆ. ಆಮೇಲೆ ಅವಳ ಮಾತು: “ಕಾಕಾ, ಕೇಳಸ್ತೈತೇನ್ರಿ?” ತಗಡಿನ ಮೇಲೆ ಮರಳು ಸುರಿದ ಹಾಗಿತ್ತು, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ತಿಳಿಯಿತು. ಯಾವ ಮಗ್ಗವೂ ಇಲ್ಲದೆ!

ನೀಲವ್ವ ಮುಂದೆ ಬಂದಳು. “ಕೇಳಸ್ತೈತೇನ್ರಿ?”

ಎತ್ತರದ, ಚಪ್ಪಟೆಯಾದ, ಜೋರಿನ ದನಿ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಯಾರನ್ನೋ ಕರೆದಂತೆ. ದಾನಪ್ಪ ಆ ದನಿಯಲ್ಲಿ ಎಲ್ಲಾದರೂ ಹಳೆಯ ನಡುಕ ಇದೆಯೇನೋ ಅಂತ ಹುಡುಕಿದ. ಇರಲಿಲ್ಲ. ಎದುರಿಗೆ ನಿಂತವಳು ನೀಲವ್ವ, ದನಿ ಯಾರದೋ. “ಕೇಳತೈತಿ” ಎಂದು ಮುಖ ಆ ಕಡೆ ತಿರುಗಿಸಿದ.

“ತಿಂಗಳೊಪ್ಪತ್ತಿನ್ಯಾಗ ಹೊಂದತೈತ್ರಿ ಕಾಕಾ” ಎಂದಳು ತಸ್ಲೀಮಾ.

ಮರುದಿನ ದಾನಪ್ಪ ಎದ್ದದ್ದೇ ಸಣ್ಣ ಮಕ್ಕಳ ಹಾಗೆ ಮನೆಯೆಲ್ಲ ಸುತ್ತಿದ. ಯಪ್ಪಾ, ಏನೇನು ಸದ್ದುಗಳಿದ್ದವು ಆ ಮನೆಯಲ್ಲಿ! ನಲ್ಲಿಯ ಹನಿ. ಜಂತಿಯಲ್ಲಿ ಗುಬ್ಬಿ. ಬಾಗಿಲಿನ ತಿರುಗಣಿ. ತನ್ನದೇ ಉಸಿರು. ಓಣಿಗೆ ಹೋಗಿ ನಿಂತರೆ ಆಚೆ ಮನೆಯ ಮುದುಕ ಕೆಮ್ಮುವುದೂ ಕೇಳಿಸಿತು. ಇದನ್ನೆಲ್ಲ ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೆ ಅಂದರೆ, ಇನ್ನಾರಿಗೆ?

ಒಳಗೆ ಬಂದ. ಅಡಿಗೆಮನೆಯಲ್ಲಿ ನೀಲವ್ವ ಬಾಗಿಲಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಎಷ್ಟು ಚೆನ್ನಾಗಿತ್ತು! ದಾನಪ್ಪ ಬಾಗಿಲಲ್ಲೇ ನಿಂತ. ಕೂಗುವ ಅಗತ್ಯವಿಲ್ಲದೆ ಹೆಂಡತಿಯನ್ನು ಕರೆದು ಎಷ್ಟು ವರ್ಷವಾಯಿತೋ. ಮೆಲ್ಲಗೆ, ತುಸು ನಾಚಿಕೆಯಿಂದ, “ನೀಲಾ” ಎಂದ.

ರೊಟ್ಟಿ ಬಡಿಯುವುದು ನಡೆದೇ ಇತ್ತು.

“ನೀಲಾ” ಎಂದ ಇನ್ನೊಂದು ಸಲ, ತುಸು ಜೋರಾಗಿ. ಅವಳು ಹಿಟ್ಟು ಉದುರಿಸಿಕೊಂಡು ರೊಟ್ಟಿ ತಿರುಗಿಸಿದಳು. ದಾನಪ್ಪ ಪಕ್ಕದ ಗೂಡಿನಲ್ಲಿದ್ದ ಸ್ಟೀಲಿನ ತಂಬಿಗೆಯನ್ನು ಕೈಗೆತ್ತಿಕೊಂಡ. ಯಾಕೆ ಎತ್ತಿಕೊಂಡೆ ಅಂತ ಅವನಿಗೂ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತೋ ಏನೋ. ಕೈ ಬಿಟ್ಟ.

ಕಲ್ಲಿನ ನೆಲದ ಮೇಲೆ ತಂಬಿಗೆ ಠಣಾರೆಂದು ಬಿದ್ದು, ಉರುಳಿ, ಗೋಡೆಗೆ ತಾಗಿ ನಿಂತಿತು. ಅವನ ಹೊಸ ಕಿವಿಗೆ ಆ ಸದ್ದು ಸೂಜಿಯ ಹಾಗೆ ಚುಚ್ಚಿತು. ನೀಲವ್ವ ತಿರುಗಲಿಲ್ಲ. ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿ, ಕೈ ತೊಳೆಯಲು ಈ ಕಡೆ ಹೊರಳಿದಾಗ ಅವನನ್ನು ಕಂಡಳು.

“ಯವ್ವಾ, ಯಾವಾಗ ಬಂದ್ ನಿಂತ್ರಿ?” ಅದೇ ಚಪ್ಪಟೆಯಾದ ಜೋರು ದನಿ. ಈಗ ಅರ್ಥವಾಯಿತು ಅವನಿಗೆ, ಅದು ಹೊಸ ಸಿಸ್ಟಂ ಕಟ್ಟಿದ ದನಿಯಲ್ಲ. ತನ್ನ ದನಿ ತನಗೇ ಕೇಳಿಸದವರು ಆಡುವ ದನಿ. ಇಷ್ಟು ವರ್ಷ ಪೆಟ್ಟಿಗೆಯ ಹಳೆಯ ಸಿಸ್ಟಂ ಅದನ್ನು ಒಪ್ಪ ಮಾಡಿ ಮಾಡಿ ಅವನಿಗೆ ಕೊಡುತ್ತಿತ್ತು.

“ಕೂಗಿದೆ. ಕೇಳ್ಲಿಲ್ಲೇನು?”

“ರೊಟ್ಟಿ ಸಪ್ಪಳದಾಗ ಎಲ್ಲಿ ಕೇಳಬೇಕ್ರಿ.”

ದಾನಪ್ಪ ಅವಳಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿದ. “ಮಗಳ ಹೆಸರೇನು, ಹೇಳ ನೋಡೂಣು” ಎಂದ. ಹಿಂದಿನಿಂದ ಉತ್ತರ ಬರಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಸೀಯುವ ಸಣ್ಣ ಚಟಚಟ ಮಾತ್ರ ಕೇಳಿಸಿತು. ತಡೆದು ತಡೆದು, ಅನುಮಾನದ ದನಿಯಲ್ಲಿ ನೀಲವ್ವ, “ಹೂಂ” ಎಂದಳು.

ಅವನು ತಿರುಗಿದಾಗ ಅವನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ಕೂತಳು.

“ಎಷ್ಟ ದಿನ ಆತು?” ಅವಳೆದುರು ಕುಕ್ಕರಿಸಿ, ತುಟಿ ಕಾಣುವ ಹಾಗೆ ಕೇಳಿದ.

“ಐದ ವರ್ಷ. ಮೊದಲ ಬಲಗಿವಿ ಹೋತು, ಆಮ್ಯಾಲೆ ಎಡದ್ದು.”

ಮಗ್ಗದಿಂದ ಒಂದು ಮೊಳ ದೂರದ ಮಣೆ ಅವನ ಕಣ್ಣಿಗೆ ಕಟ್ಟಿತು. ದಿನಕ್ಕೆ ಎರಡು ತಾಸು. ಅದಕ್ಕೂ ಮೊದಲು ಶೆಡ್ಡು. “ಹೇಳಬಾರದೇನ ಹುಚ್ಚೀ? ಯಾಕ ಹೇಳ್ಲಿಲ್ಲ?”

“ಹೇಳಿದ್ರ ಮಗ್ಗ ಹಚ್ಚೂದ ಬಿಡ್ತಿದ್ರಿ. ಮತ್ತ ನಿಮ್ಮ ಕಿವಿಗೆ ಏನ್ ಉಳೀತಿತ್ತು? ನನಗರ ತುಟಿ ಓದಾಕ ಬರತೈತಿ. ನಿಮಗ ಮರತ್ ಹೋಗೇತಿ.”

“ನಾಳೆ ನಿನಗೂ ಒಂದ್ ಪೆಟ್ಟಿಗಿ—”

“ವಿಜಯಪುರದ ಡಾಕ್ಟರ್ ನೋಡ್ಯಾರ್ರಿ. ಅಕ್ಕನ ಮನಿಗೆ ಹೋದಾಗ ತೋರಿಸಿದ್ದೆ. ಒಳಗಿನ ನರಾನ ಸತ್ತಾವಂತ. ತಂತಿ ಹಚ್ಚಾಕ ಜಾಗಾ ಇಲ್ಲಂತ.”

ದಾನಪ್ಪ ಅವಳ ಹಿಟ್ಟಿನ ಕೈಗಳನ್ನು ಹಿಡಿದುಕೊಂಡು ಗೊಳೋ ಎಂದು ಅತ್ತ. ತನ್ನ ಅಳು ತನಗೇ ಎಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು, ಅವಳಿಗೆ ಕೇಳುತ್ತಿರಲಿಲ್ಲ. ಮಾತು ಕೇಳಿಸುವುದರಲ್ಲಿ ಪೆಟ್ಟಿಗೆಯ ತಪ್ಪೇನೂ ಇರಲಿಲ್ಲ. ನೂರಕ್ಕೆ ನೂರು ಸರಿ ಹೇಳುತ್ತಿತ್ತು ಅದು. ಅವಳ ದನಿಯನ್ನು ತಾನೇ ಗುಂಡಿ ಒತ್ತಿ ಅಳಿಸಿಬಿಟ್ಟಿದ್ದ, ಇಲ್ಲದ ತಪ್ಪಿಗಾಗಿ.

ಅವತ್ತು ಸಂಜೆ ನಾಲ್ಕಕ್ಕೆ ಚಹಾ ಕುಡಿದು ಇಬ್ಬರೂ ಪಡಸಾಲೆಯಲ್ಲಿ ಕೂತರು. ಮಗ್ಗ ನಿಂತಿತ್ತು. ಜಂತಿಯಲ್ಲಿ ಗುಬ್ಬಿಗಳ ಗಲಾಟೆ. ದಾನಪ್ಪ ಮೇಲೆ ಕೈ ತೋರಿಸಿ, “ಗುಬ್ಬಿ ಕೂಗಾಕತ್ತಾವ” ಎಂದು ತುಟಿ ಅಲ್ಲಾಡಿಸಿದ.

“ಹೌದಾ? ಹೆಂಗ ಕೂಗತಾವ?” ನೀಲವ್ವ ಮುಖ ಎತ್ತಿ ಕೇಳಿದಳು.

ಅದನ್ನು ತುಟಿಯಲ್ಲಿ ಹೇಗೆ ಹೇಳುವುದು? ಅವಳು ಅಂಗಾಲುಗಳನ್ನು ನೆಲಕ್ಕೆ ಊರಿ ಹೇಳಿದಳು, “ಮನಿ ಭಣಭಣ ಅನ್ನಾಕತ್ತೈತಿ ನೋಡ್ರಿ. ಮಗ್ಗ ಹಚ್ರಿ. ಅದೊಂದ ನನಗ ಕಾಲಾಗ ಗೊತ್ತಾಕ್ಕೈತಿ.”

ದಾನಪ್ಪ ಎದ್ದು ಸ್ವಿಚ್ಚು ಹಾಕಿದ. ಹೊಸದಾಗಿ ಕಲಿತ ಪೆಟ್ಟಿಗೆಗೆ ಮಗ್ಗದ ಗುರುತೇ ಇರಲಿಲ್ಲ. ಅದು ಆ ಬಡಿತವನ್ನೆಲ್ಲ ಹಾಗ್ಹಾಗೇ ಎತ್ತಿ ಅವನ ತಲೆಯೊಳಗೆ ಸುರಿಯಿತು. ಗುಬ್ಬಿ, ನಲ್ಲಿ, ಉಸಿರು ಎಲ್ಲ ಕೊಚ್ಚಿಹೋದವು. ನೀಲವ್ವ ನಗುತ್ತ ಏನೋ ಹೇಳಿದಳು. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ.

“ಹೂಂ” ಎಂದ.

ನೀಲವ್ವನ ನಗು ನಿಂತಿತು. ಆ ಹೂಂ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಮಣೆಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಕೈಚಾಚಿ ಅವನ ಕಿವಿಯ ಹಿಂದಿನ ಗುಂಡಿಯನ್ನು ಕಿತ್ತು, ತಂತಿ ಸುತ್ತಿ, ಪೆಟ್ಟಿಗೆಯನ್ನು ಗೂಡಿನಲ್ಲಿಟ್ಟಳು. ಅವನ ಲೋಕ ಒಮ್ಮೆಲೇ ಖಾಲಿಯಾಯಿತು. ಅಂಗಾಲಿನಲ್ಲಿ ಮಗ್ಗದ ಅದುರು ಮಾತ್ರ ಉಳಿಯಿತು.

ಅವಳು ಅವನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಎರಡೂ ಸಲ ಓದಿ ಅವಳಿಗೆ ಬಾಯಿಪಾಠವಾಗಿತ್ತು ಆ ಪಟ್ಟಿ. ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ, ದನಿ ತೆಗೆಯದೆ ಮೊದಲ ಪದ ಹೇಳಿದಳು.

“ನೀರು” ಎಂದ ದಾನಪ್ಪ.

ಅವಳು ತಲೆಯಾಡಿಸಿ ಎರಡನೆಯದು ಹೇಳಿದಳು. ಅವನು ತಪ್ಪು ಹೇಳಿದ. ಅವಳು ಮತ್ತೆ ಹೇಳಿದಳು. ಮತ್ತೆ ತಪ್ಪಿದ. ಮೂರನೆಯ ಸಲ ಅವಳ ತುಟಿಯನ್ನೇ ದಿಟ್ಟಿಸಿ ನೋಡಿ, “ನೂಲು” ಎಂದ.

ಇನ್ನೂ ಇನ್ನೂರ ತೊಂಬತ್ತೆಂಟು ಪದಗಳಿದ್ದವು.